ಶಿಕ್ಷೆಯನ್ನಷ್ಟೇ ಹೇಳುವ ನೀಲಿ ಫಲಕ

ಹಂಪಿ ನೋಡಿ ಹೊಸಪೇಟೆಗೆ ಮರಳುವವರನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬಗ್ಗೆ ಕೇಳಿ ನೋಡಿ. ಟಿಕೆಟ್, ಕಾವಲುಗಾರನ ಸೀಟಿ, ನೀಲಿ ಫಲಕ - ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಇಷ್ಟೆ. 1861ರಲ್ಲಿ ಆರಂಭವಾದ ಈ ಇಲಾಖೆಯಲ್ಲಿ ಕಲ್ಲಿನ ಸವಕಳಿಯನ್ನು ಅಭ್ಯಸಿಸುವ ರಸಾಯನ ವಿಜ್ಞಾನಿಗಳಿದ್ದಾರೆ. ಅದರ ಶಾಸನ ವಿಭಾಗದ ಕೇಂದ್ರ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. ಇದು ತಿಳಿಯದಿರುವುದು ಜನರ ತಪ್ಪಲ್ಲ.

ಫಲಕವನ್ನೇ ಓದಿ. 1958ರ ಕಾಯ್ದೆ, ಹಾನಿ ಮಾಡಿದವರಿಗೆ ಸೆರೆವಾಸ, ದಂಡ. (2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ.) ಹಾನಿ ಹೇಗಾಗುತ್ತದೆಂಬ ವಿವರಣೆ ಅದರಲ್ಲಿಲ್ಲ.

ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತೆಗೆದುಕೊಳ್ಳಿ. ಅವು ಟೊಳ್ಳು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಂತೆ ಅವು ಒಳಗೆಲ್ಲ ಗಟ್ಟಿ ಕಲ್ಲು. ತಟ್ಟಿದಾಗ ಕಂಬ ಬಾಗಿ ಕಂಪಿಸುವುದರಿಂದ ನಾದ ಬರುತ್ತದೆ. ಇಂಥ ಕಂಪನದ ಆವೃತ್ತಿಯು ಕಂಬದ ಉದ್ದ, ದಪ್ಪ, ಕಲ್ಲಿನ ಸಾಂದ್ರತೆ ಮತ್ತು ಸ್ಥಿತಿಸ್ಥಾಪಕತೆಯನ್ನು ಅವಲಂಬಿಸಿದೆ. ಪದೇ ಪದೇ ಪೆಟ್ಟು ಬಿದ್ದು ಬಿರುಕು ಬೆಳೆದರೆ ಬಿಗಿತ ಕುಗ್ಗುತ್ತದೆ, ಸ್ವರ ಇಳಿಯುತ್ತದೆ. ನಾಣ್ಯದಿಂದ ತಟ್ಟುವ ಚಪಲವಂತೂ ಇನ್ನೂ ಕೆಟ್ಟದ್ದು! ಪ್ರೌಢಶಾಲೆಯ ವಿದ್ಯಾರ್ಥಿಗೂ ಅರ್ಥವಾಗುವ ಈ ನಾಲ್ಕು ಸಾಲು ಫಲಕಕ್ಕೆ ಭಾರವೇ?

ಪ್ರಧಾನ ಕಚೇರಿ ದೂರದ ದೆಹಲಿಯಲ್ಲಿದೆ ಎಂಬ ಸಮಾಧಾನ ಈಗ ಸಲ್ಲದು. 2020ರಲ್ಲಿ ಹಂಪಿಯೇ ಇಲಾಖೆಯ ಪ್ರತ್ಯೇಕ ವೃತ್ತವಾಗಿದೆ. ಕಂಬಗಳ ಬಳಿ ಕಾರಣ ತಿಳಿಸುವ ಕನ್ನಡ ಫಲಕವೊಂದನ್ನು ನಿಲ್ಲಿಸುವ ಕೆಲಸವನ್ನು ಈ ವೃತ್ತವೇ ಕೈಗೆತ್ತಿಕೊಳ್ಳಬೇಕು.