ಬಯಕೆಯ ಬುತ್ತಿ ತಡವಾಗಿ ಬರುತ್ತದೆ

ಕಮತಗಿಯ ನೇಕಾರರ ಓಣಿಗಳಲ್ಲಿ ಬೆಳಗಾಗುವುದು ಮಗ್ಗದ ಸಪ್ಪಳದಿಂದ. ಅಂತಹದೊಂದು ಮನೆಯ ಪಡಸಾಲೆಯಲ್ಲಿ, ಇಳಕಲ್ಲ ಸೀರೆಯ ಹೊಕ್ಕಿಗೆ ಬೇಕಾದ ಕಂಡಿಕೆಗಳನ್ನು ಸುತ್ತುತ್ತ ಕುಳಿತಿದ್ದ ಎಳೆಯ ಸೊಸೆಯೊಬ್ಬಳು, ಒಳಗಿನಿಂದ ಒಗ್ಗರಣೆಯ ವಾಸನೆ ಬಂದೊಡನೆ ರಾಟಿಯನ್ನು ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿ, ಮರಳಿ ಬಂದು ಮತ್ತೆ ಎಳೆಯನ್ನು ಹಿಡಿದುದನ್ನು ನಾನು ಕಂಡಿದ್ದೇನೆ. “ಹೊಟ್ಟಿ ತೊಳಸತೈತ್ರಿ” ಎಂದಳು, ಅಷ್ಟೆ. ಅವಳಿಗೆ ಆಗ ಎರಡು ತಿಂಗಳು. ಆ ಸಂಗತಿ ಓಣಿಗೆ ತಿಳಿದಿರಲಿಲ್ಲ. ತಿಳಿಯಕೂಡದೆಂಬುದು ಹಿರಿಯರ ಕಟ್ಟಳೆ.

ಬಸುರಿಯನ್ನು ಮನ್ನಿಸುವುದಕ್ಕೆ ಈ ಸೀಮೆಯಲ್ಲಿ ಕುಬಸವೆಂಬ ಸುಂದರವಾದ ಆಚರಣೆಯಿದೆ. ಐದನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ತವರಿನವರು ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆಗಳೊಡನೆ ಹೋಳಿಗೆ, ಕಡಬು, ಸಜ್ಜೆಯ ರೊಟ್ಟಿ, ಮೊಸರ ಬುತ್ತಿಗಳನ್ನು ಹೊತ್ತು ತರುತ್ತಾರೆ. ಮುತ್ತೈದೆಯರು ಉಡಿ ತುಂಬಿ, ತಿಂಗಳಿಗೊಂದು ಬಯಕೆಯನ್ನು ಎಣಿಸುತ್ತ ಹಾಡುತ್ತಾರೆ. ದುಡಿಯುವ ಹೆಣ್ಣಿನ ನಾಲಗೆಯ ಇಚ್ಛೆಯನ್ನು ಇಡೀ ಬಳಗವೇ ಕೇಳಿ ನಡೆಸಿಕೊಡಬೇಕೆಂಬ ಈ ಭಾವನೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ವಾಕರಿಕೆಯು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತೊಡಗಿ, ಒಂಬತ್ತನೆಯ ವಾರದ ಹೊತ್ತಿಗೆ ಉಲ್ಬಣಿಸಿ, ನಾಲ್ಕನೆಯ ತಿಂಗಳಿನಲ್ಲಿ ಬಹುಮಟ್ಟಿಗೆ ಇಳಿದುಹೋಗತಕ್ಕದ್ದು. ಹಾಗಾದರೆ ನಾವು ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಆಕೆಯ ಸಂಕಟವೆಲ್ಲ ಕಳೆದ ಬಳಿಕ. ಈ ಆಚರಣೆಯಲ್ಲಿ ನನಗೆ ಕಾಣುವ ಮುಖ್ಯ ಲೋಪವಿದು.

ಪ್ರಾಚೀನರು ಈ ಕಾಲವನ್ನು ಗಮನಿಸಿರಲಿಲ್ಲವೆಂದಲ್ಲ. ಬಾಯಲ್ಲಿ ನೀರೂರುವುದು, ಅನ್ನದಲ್ಲಿ ಅರುಚಿ, ಛರ್ದಿ, ಹುಳಿಯ ಆಸೆ ಇವುಗಳನ್ನು ಚರಕಸಂಹಿತೆಯು ಗರ್ಭಲಕ್ಷಣಗಳೊಳಗೆ ಸೇರಿಸುತ್ತದೆ. ಮೊದಲ ತಿಂಗಳಿನಲ್ಲಿ ತಣ್ಣನೆಯ ಹಾಲನ್ನೂ ಮೈಗೊಗ್ಗುವ ಆಹಾರವನ್ನೂ ವಿಧಿಸುತ್ತದೆ. ಸುಶ್ರುತನಾದರೋ ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಭಾವಿಸಿ, ಆಕೆಯ ಬಯಕೆ ತೀರದಿದ್ದರೆ ಶಿಶುವು ಅಂಗವಿಕಲವಾಗುವುದೆಂದು ಎಚ್ಚರಿಸಿದನು. ನಮ್ಮ ಹಳ್ಳಿಗಳಲ್ಲಿ ಅದೇ ಮಾತು “ಕೂಸಿನ ಕಿವಿ ಸೋರತಾವ” ಎಂದಾಗಿದೆ. ಸುಳ್ಳಾದರೂ ಆ ಭಯವು ಎಷ್ಟೋ ಬಡ ಬಸುರಿಯರಿಗೆ ಒಂದು ಮಾವಿನಕಾಯನ್ನು ಕೊಡಿಸಿದೆ. ಆದರೆ ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯು ಮಣ್ಣು ತಿಂದುದನ್ನು ಕಾಳಿದಾಸನು ಹುಟ್ಟಲಿರುವ ಮಗನ ಭೂಭೋಗದ ಸೂಚನೆಯೆಂದು ಕೊಂಡಾಡಿದ ಸೊಬಗಿಗೆ ನಾವು ಮರುಳಾಗಬಾರದು. ಮಣ್ಣಿನ ಆಸೆಯ ಜೊತೆಗೆ ಅನೇಕ ವೇಳೆ ರಕ್ತಹೀನತೆಯಿರುತ್ತದೆ. ಮಣ್ಣಿನೊಡನೆ ಜಂತುಹುಳದ ತತ್ತಿಗಳೂ ಹೊಟ್ಟೆ ಸೇರುತ್ತವೆ.

ಇನ್ನು “ನಾವೇನ ಹಡದಿಲ್ಲೇನು?” ಎಂಬ ಅತ್ತೆಯಂದಿರ ಮಾತು. ಮೊದಲ ತಿಂಗಳುಗಳ ಮೌನವನ್ನು ಇಷ್ಟು ಕಠಿನವಾಗಿಸಿರುವ ಮಾತು ಬೇರೊಂದಿಲ್ಲ. ಗರ್ಭವು ತಾಯಿಯ ರಕ್ತಕ್ಕೆ ಹರಿಯಬಿಡುವ ಜಿಡಿಎಫ್15 ಎಂಬ ದ್ರವ್ಯವೇ ಈ ವಾಕರಿಕೆಯ ಪ್ರಮುಖ ಕಾರಣವೆಂದೂ, ಬಸುರಾಗುವ ಮುನ್ನ ಯಾರ ಮೈಯಲ್ಲಿ ಅದು ಕಡಿಮೆಯಿತ್ತೋ ಅವರಿಗೆ ಬಾಧೆ ಹೆಚ್ಚೆಂದೂ 2023ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎಂದಮೇಲೆ ಒಬ್ಬಳು ಸುಖವಾಗಿ ಹಡೆದುದು ಇನ್ನೊಬ್ಬಳ ಸಂಕಟಕ್ಕೆ ಅಳತೆಗೋಲಾಗಲಾರದು. ಸೊಸೆಯದು ಸೋಗೂ ಅಲ್ಲ, ಸೋಮಾರಿತನವೂ ಅಲ್ಲ.

ಉಪಚಾರದಲ್ಲಿ ಮಾತ್ರ ಈ ಸೀಮೆಯ ಅಡಿಗೆಮನೆಗೆ ಪರಸ್ಥಳದ ಪಾಠ ಹೆಚ್ಚಾಗಿ ಬೇಡ. ಏಳುವ ಮುನ್ನವೇ ಒಣ ತಿನಿಸನ್ನು ಸ್ವಲ್ಪ ಜಗಿಯಬೇಕೆಂದು ವೈದ್ಯರು ಹೇಳುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿಗಿಂತ ಒಣದಾದ, ವಾಸನೆಯಿಲ್ಲದ ತಿನಿಸು ಯಾವುದಿದೆ? ಚುರಮರಿ, ಶುಂಠಿಯ ನೀರು, ಹುಣಸೆಹಣ್ಣು ಬೆಲ್ಲ ಜೀರಿಗೆಗಳನ್ನು ಕುಟ್ಟಿದ ಚಿಗಳಿ, ಇವೂ ಒದಗುತ್ತವೆ. ಒಮ್ಮೆಲೇ ಉಣ್ಣದೆ ತುಸು ತುಸುವಾಗಿ ತಿನ್ನಬೇಕು. ನೆಂಟರು ಪ್ರೀತಿಯಿಂದ ತರುವ ಅಮೀನಗಡದ ಕರದಂಟು ಎಷ್ಟೇ ಪುಷ್ಟಿಕರವಾಗಿದ್ದರೂ, ಅದರ ತುಪ್ಪದ ವಾಸನೆಯೇ ಆಗ ಆಕೆಗೆ ಅಸಹ್ಯವಾದೀತು. ಅದನ್ನು ಮುಂದಿನ ತಿಂಗಳುಗಳಿಗೆ ಕಾದಿಡುವುದು ಲೇಸು.

ಗುಳಿಗೆಯೆಂದರೆ ಹೆದರುವವರನ್ನು ನಾನು ಮೂಢರೆನ್ನಲಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ವಾಕರಿಕೆಗೂ ಕೊಡಲ್ಪಟ್ಟ ಥಾಲಿಡೋಮೈಡನ್ನು 1961ರಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ, ಸಾವಿರಾರು ಶಿಶುಗಳು ಕೈಕಾಲುಗಳ ಊನದೊಡನೆ ಜನಿಸಿದ್ದವು. ಆದರೆ ಬಿ6 ಜೀವಸತ್ವವೂ ಡಾಕ್ಸಿಲಮೀನೂ ದೀರ್ಘಕಾಲದ ಬಳಕೆಯಿಂದ ನಿರಪಾಯವೆನಿಸಿವೆ; ವೈದ್ಯರು ಕೊಟ್ಟಾಗ ಬೇಡವೆನ್ನಲಾಗದು. ಕುಡಿದ ನೀರೂ ದಿನವಿಡೀ ನಿಲ್ಲದೆ, ಮೂತ್ರ ಕಡಿಮೆಯಾಗಿ ಬಣ್ಣಗಟ್ಟಿ, ತೂಕ ಇಳಿಯತೊಡಗಿದರೆ ಮನೆಯ ಮದ್ದು ಸಾಲದು. ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು.

ಆಚರಣೆಯನ್ನು ತಿದ್ದುವ ದಾರಿಯೂ ಆಚರಣೆಯೊಳಗೇ ಇದೆಯೆಂದು ನನಗೆ ತೋರುತ್ತದೆ. ಕೆಲವು ಮನೆತನಗಳಲ್ಲಿ ದೊಡ್ಡ ಕುಬಸಕ್ಕೆ ಮುನ್ನ, ನಾಲ್ಕು ಜನರಿಗೆ ತಿಳಿಸದೆ ನಡೆಯಿಸುವ ಕಳ್ಳ ಕುಬಸವೆಂಬುದೊಂದುಂಟು. ದೃಷ್ಟಿಯ ಭಯದಿಂದ ಸುದ್ದಿಯನ್ನು ಮುಚ್ಚಿಡುವವರು ಮುಚ್ಚಿಡಲಿ. ಆ ಗುಟ್ಟಿನ ಆದರವನ್ನೇ ಎರಡನೆಯ ತಿಂಗಳಿಗೆ ತಂದರೆ ಯಾವ ಸಂಪ್ರದಾಯವೂ ಮುರಿಯದು. ನಾನು ಹೇಳಿದ ಆ ಮನೆಗೆ ವಾರದ ತರುವಾಯ ಸೊಸೆಯ ಚಿಗವ್ವ ಹೇಳದೆ ಕೇಳದೆ ಬಂದಳು. ಅರಿವೆಯ ಗಂಟಿನೊಳಗಿನ ರೊಟ್ಟಿಯನ್ನು ಮುರಿದು ಹುಡುಗಿಯ ದಿಂಬಿನ ಬದಿಗೆ ಇಟ್ಟು, “ಮಲಕೋ ಯವ್ವಾ, ನಾ ಅದೇನಿ” ಎಂದವಳೇ ರಾಟಿಯ ಮುಂದೆ ಕುಳಿತಳು. ಸಂಜೆಯ ತನಕ ಕಂಡಿಕೆ ಸುತ್ತಿದವಳು ಆಕೆಯೇ.