ಯಾರ ಮಾತಿಗೆ ಯಾರ ನಗು: ‘ಹಂಬಲ್ ಪೊಲಿಟಿಶಿಯನ್ ನೋಗ್‌ರಾಜ್’ ಮತ್ತು ಅದರ ವಿಮರ್ಶೆ

ಇವತ್ತು ನಾನು ಮಾತಾಡ್ತಿರೋದು ಸಾದ್ ಖಾನ್ ನಿರ್ದೇಶಿಸಿದ, 2018ರ ಜನವರಿಯಲ್ಲಿ ತೆರೆಕಂಡ ‘ಹಂಬಲ್ ಪೊಲಿಟಿಶಿಯನ್ ನೋಗ್‌ರಾಜ್’ ಬಗ್ಗೆ. ದಾನಿಶ್ ಸೇಠ್ ಎಫ್‌ಎಂ ರೇಡಿಯೊದಲ್ಲಿ ಮಾಡುತ್ತಿದ್ದ ತಮಾಷೆ ಕರೆಗಳಿಂದ ಬೆಳೆದ ಪಾತ್ರ ಈ ನೋಗ್‌ರಾಜ್. ಬೆಂಗಳೂರಿನ ಕಾರ್ಪೊರೇಟರ್, ಶಾಸಕನಾಗಲು ಹೊರಡುತ್ತಾನೆ. ಎದುರಾಳಿ, ವಿದ್ಯಾವಂತ ಅರುಣ್ ಪಾಟೀಲ್.

ಆಗ ವಿಧಾನಸಭೆ ಚುನಾವಣೆಗೆ ನಾಲ್ಕೇ ತಿಂಗಳಿತ್ತು. ವಿಮರ್ಶಕರು ಇದನ್ನು ರಾಜಕೀಯ ವಿಡಂಬನೆಯಾಗಿ ನೋಡಿದ್ದು ಸಹಜ. ದಾನಿಶ್ ನಟನೆ ಹೇಗಿದೆ, ವಿಡಂಬನೆ ಎಷ್ಟು ಮೊನಚಾಗಿದೆ ಅನ್ನುವುದರ ಸುತ್ತಲೇ ಚರ್ಚೆ ಹೆಚ್ಚಾಗಿ ನಡೆಯಿತು. ನನ್ನ ತಕರಾರು ಬೇರೆ. ಇಲ್ಲಿನ ನಗು ಅವನ ಲಂಚಕೋರತನದಿಂದ ಎಷ್ಟು ಹುಟ್ಟುತ್ತದೋ ಅವನ ಹರಕು ಇಂಗ್ಲಿಷಿನಿಂದಲೂ ಅಷ್ಟೇ ಹುಟ್ಟುತ್ತದೆ. ಆ ನಗು ಯಾರದು?

ಇದು ನನಗೆ ಬರೀ ಥಿಯರಿ ಪ್ರಶ್ನೆ ಅಲ್ಲ. ನಾನು ಆದವಾನಿ ಕಡೆಯವಳು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು. ನಮಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಮೊದಲ ಸಲ ಬೆಂಗಳೂರಿಗೆ ಹೋದಾಗ ‘ಎಲ್ಲಿಗಿ ಹೊಂಟೀರಿ’ ಅಂದದ್ದಕ್ಕೆ, ‘ಇದು ಕನ್ನಡಾನಾ, ತೆಲುಗಾ?’ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ವಾರಗಟ್ಟಲೆ ಬಾಯಿ ಬಿಡಲಿಲ್ಲ.

ಕೈಲಾಸಂ ನಾಟಕಗಳನ್ನು ನೆನೆಯಿರಿ. ಅಲ್ಲೂ ಕನ್ನಡ-ಇಂಗ್ಲಿಷ್ ಕಲಬೆರಕೆಯೇ ಹಾಸ್ಯದ ಬಂಡವಾಳ. ಆದರೆ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆ ಗೆದ್ದವನೇ ಟೊಳ್ಳು, ಕಷ್ಟಕ್ಕೆ ಆಗುವವನು ಗಟ್ಟಿ. ಓದಿದವರು ತಮ್ಮನ್ನೇ ನೋಡಿ ನಗಬೇಕಾಗುತ್ತದೆ. ನೋಗ್‌ರಾಜ್ ಸಿನಿಮಾದಲ್ಲಿ ದಿಕ್ಕು ತಿರುಗಿದೆ: ವಿದ್ಯೆ, ನಯ, ಪ್ರಾಮಾಣಿಕತೆ ಎಲ್ಲವೂ ಅರುಣ್ ಪಾಟೀಲನ ಪಾಲು, ಹರಕು ಮಾತು, ಹೊಲಸು ರಾಜಕೀಯ ನೋಗ್‌ರಾಜನ ಪಾಲು. ಮಲ್ಟಿಪ್ಲೆಕ್ಸಿನಲ್ಲಿ ಕೂತ ಅನುಕೂಲಸ್ಥ ಪ್ರೇಕ್ಷಕನ ಮೈಗೆ ಏನೂ ತಾಗುವುದಿಲ್ಲ. ‘ನಾವು ಓದಿದವರು, ಹಂಗಲ್ಲ’ ಅಂತ ನಗುತ್ತಾ ಎದ್ದು ಹೋಗಬಹುದು.

ಆದರೂ ನನಗೆ ಈ ಪಾತ್ರ ಹಿಡಿಸುತ್ತದೆ. ನೋಗ್‌ರಾಜ್ ತನ್ನ ಇಂಗ್ಲಿಷಿಗೆ ಒಮ್ಮೆಯೂ ನಾಚುವುದಿಲ್ಲ. ತಪ್ಪು ಮಾತನ್ನೇ ಎದೆ ಸೆಟೆಸಿ ಆಡುತ್ತಾನೆ. ಆ ಧೈರ್ಯ ನನಗೆ ಆ ದಿನ ಇರಲಿಲ್ಲ. ನಿರ್ದೇಶಕರು ಬಯಸಿದ್ದರೋ ಇಲ್ಲವೋ, ನಟನೆಯಲ್ಲಿ ಅದು ಬಂದಿದೆ. ವಿಮರ್ಶೆ ಹಿಡಿಯಬೇಕಿದ್ದ ಎಳೆ ಅದು.

ಪ್ರಶ್ನೆ (ಸಹಪಾಠಿ): ಹಾಸ್ಯಚಿತ್ರಕ್ಕೆ ಇಷ್ಟೆಲ್ಲಾ ಭಾರ ಹೊರಿಸಬೇಕಾ? ನಕ್ಕು ಬಿಟ್ರಾಗಲ್ವಾ?

ಉತ್ತರ: ಬಿಡಬಹುದು ಅಕ್ಕ, ನಾನೂ ನಕ್ಕೀನಿ. ಆದ್ರೆ ನಗಿಸಿಕೊಂಡವರು ಬಿಡೋದು ಅಷ್ಟು ಸುಲಭ ಅಲ್ಲ. ವಿಮರ್ಶೆ ಅವರ ಸೀಟಿನಲ್ಲೂ ಒಂದು ಸಲ ಕೂತು ಸಿನಿಮಾ ನೋಡಲಿ ಅನ್ನೋದಷ್ಟೇ ನನ್ನ ಮಾತು.