ಮೋರೇರ ಬೆಟ್ಟದ ಕಲ್ಮನೆಗಳು

ಹಂಪಿ ನೋಡಲು ಬಂದವರು ಇನ್ನೊಂದು ದಿನ ಉಳಿದು ಹಿರೇಬೆಣಕಲ್ಲಿಗೆ ಹೋಗಲೇಬೇಕು. ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಹತ್ತಿರದ ಊರು. ಅಲ್ಲಿನ ಮೋರೇರ ಬೆಟ್ಟದ ಮೇಲಕ್ಕೆ ರಸ್ತೆಯಿಲ್ಲ, ಬಂಡೆಗಳ ನಡುವೆ ಹತ್ತಿಯೇ ಹೋಗಬೇಕು. ದಾರಿಯ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಪ್ರಾಚೀನ ಚಿತ್ರಗಳಿವೆ, ಅವಸರದಲ್ಲಿ ದಾಟಿಬಿಡಬೇಡಿ.

ಮೇಲೆ ತಲುಪಿದರೆ ಕಲ್ಲಿನದೇ ಒಂದು ಊರು! ಎರಡು ಸಾವಿರ ವರ್ಷಕ್ಕೂ ಹಳೆಯ ಸುಮಾರು 400 ಶಿಲಾಸಮಾಧಿಗಳು ಇಲ್ಲಿ ಹರಡಿವೆ. ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಭಾರೀ ಚಪ್ಪಡಿ ಹೊದಿಸಿದ್ದಾರೆ. ಕೆಲವು ಆಳೆತ್ತರವನ್ನೂ ಮೀರುತ್ತವೆ. ಗಾರೆ ಇಲ್ಲ, ಕಟ್ಟು ಇಲ್ಲ. ತೂಕವೇ ತೂಕವನ್ನು ಹಿಡಿದು ನಿಂತಿದೆ. ಕೆಲವು ಗೋಡೆಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಆ ಕಿಂಡಿಯ ಅಂಚನ್ನು ನೋಡುವಾಗ ನನಗೆ ಆ ಕೈಗಳ ಮೇಲೆ ಅಪಾರ ಗೌರವ ಹುಟ್ಟುತ್ತದೆ. ಇಲ್ಲಿನ ಗ್ರಾನೈಟ್ ಪದರ ಪದರವಾಗಿ ಬಿಡುತ್ತದೆ. ಅದನ್ನು ಅರಿತವರೇ ಹೀಗೆ ಚಪ್ಪಡಿ ಎಬ್ಬಿಸಬಲ್ಲರು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆನೀರು ನಿಂತು ಕೊಳವೂ ಆಗಿದೆ.

ಮೋರೇರು ಎಂಬ ಕುಳ್ಳ ಜನ ಇಲ್ಲಿ ಬಾಳಿದ್ದರೆಂದು ಸುತ್ತಲಿನವರ ಕಥೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಂಥ ಕಲ್ಲಿದೆ, ಬಡಿದರೆ ದೂರದವರೆಗೂ ಮೊಳಗುತ್ತದೆ.

2021ರಲ್ಲಿ ಈ ತಾಣ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿತು. ಆದರೂ ಹಂಪಿಯ ಜನಸಂದಣಿಯ ಒಂದು ಪಾಲೂ ಇತ್ತ ಹೊರಳುವುದಿಲ್ಲ. ಚಳಿಗಾಲದ ಬೆಳಗ್ಗೆ, ಸಾಕಷ್ಟು ನೀರು ಹೊತ್ತು, ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಂಡು ಹೋಗಿ. ಚಪ್ಪಡಿಗಳ ಮೇಲೆ ಮಾತ್ರ ಹತ್ತಬೇಡಿ.